ಒಂದು ಕೈಯ ಪುಸ್ತಕ

ಚಳಿ ಶುರುವಾದರೆ ಸಾಕು, 'ಚಳಿಗಾಲದಲ್ಲಿ ಓದಲೇಬೇಕಾದ ಹತ್ತು ಪುಸ್ತಕಗಳು' ಎಂಬ ಪಟ್ಟಿಗಳು ಹೊರಬೀಳುತ್ತವೆ. ಕಥೆ ಏನು, ಬಹುಮಾನ ಯಾವುದು, ಯಾರು ಯಾವ ಪುಟದಲ್ಲಿ ಕಣ್ಣೀರಿಟ್ಟರು, ಎಲ್ಲ ಇರುತ್ತದೆ. ತೂಕ ಎಷ್ಟು ಎಂದು ಮಾತ್ರ ಒಬ್ಬರೂ ಬರೆಯುವುದಿಲ್ಲ. ಕಂಬಳಿಯೊಳಗಿಂದ ಓದುವವರು ಹೊರಗಿಡುವುದು ಒಂದೇ ಕೈ. ಪುಸ್ತಕ ಆರಿಸಬೇಕಾದದ್ದು ಆ ಕೈ, ಬಹುಮಾನ ಸಮಿತಿಯಲ್ಲ.

ಡೆಮಿ 1/8 ಆಕಾರದ, ಅಂದರೆ ನಮ್ಮ ಕಾದಂಬರಿಗಳ ಮಾಮೂಲಿ ಅಳತೆಯ, 400 ಪುಟದ ಪುಸ್ತಕ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದಲ್ಲಿದ್ದರೆ ಹಾಳೆಗಳೇ ಸುಮಾರು 480 ಗ್ರಾಂ ತೂಗುತ್ತವೆ. ರಟ್ಟು ಸೇರಿದರೆ ಅರ್ಧ ಕಿಲೋ ದಾಟಿತು. ಒಂದು ಕೈಗೆ ಅಷ್ಟು ಸಾಕು. 800 ಪುಟದ ಬೃಹತ್ ಕಾದಂಬರಿ ತೂಕಡಿಕೆ ಬಂದ ಕ್ಷಣ ನೇರ ಮೂಗಿನ ಮೇಲೆ ಇಳಿಯುತ್ತದೆ. ಅದೇ ಬೇಕೆಂದು ಹಟವಿದ್ದರೆ ಎರಡು ಸಂಪುಟವಾಗಿ ಬಂದ ಮುದ್ರಣ ಹುಡುಕಿ.

ತೂಕವನ್ನಾದರೂ ಸಹಿಸಬಹುದು, ಬೆನ್ನಿನದೇ ಕಾಟ. ಈಗಿನ ಎಷ್ಟೋ ಪುಸ್ತಕಗಳಿಗೆ ಹೊಲಿಗೆಯೇ ಇಲ್ಲ. ಫಾರಂಗಳ, ಅಂದರೆ ಮಡಚಿದ ಹಾಳೆಗಳ ಕಟ್ಟುಗಳ, ಬೆನ್ನು ಕತ್ತರಿಸಿ, ಒರಟು ಮಾಡಿ, ಬಿಸಿ ಅಂಟು ಬಳಿದು, ಮುಖಪುಟ ಒತ್ತಿಬಿಡುತ್ತಾರೆ. ಇದರ ಹೆಸರು 'ಪರ್ಫೆಕ್ಟ್ ಬೈಂಡಿಂಗ್'. ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ನಮಸ್ಕಾರ. ಈ ಅಂಟು ಚಳಿಗೆ ಪೆಡಸಾಗುತ್ತದೆ. ತಣ್ಣಗಿನ ಕಪಾಟಿನಿಂದ ತೆಗೆದು ನಡುವಿಗೆ ಅಗಲಿಸಿದಿರೋ, 'ಚಟ್' ಎನ್ನುತ್ತದೆ. ಮೊದಲು ಬರಿಯ ಬಿರುಕು. ವಾರದಲ್ಲಿ ಅಲ್ಲಿಂದಲೇ ಎರಡು ಹಾಳೆ ಕಳಚಿ ಮಂಚದ ಕೆಳಗೆ ಸೇರುತ್ತವೆ, ಪತ್ತೇದಾರಿಯಾದರೆ ಕೊಲೆಗಾರನ ಸಮೇತ. ಆದ್ದರಿಂದ ಪುಸ್ತಕವನ್ನು ಬೆಚ್ಚಗಿನ ಕೋಣೆಯಲ್ಲಿ ಒಂದೆರಡು ಗಂಟೆ ಇಡಿ. ಮೇಜಿನ ಮೇಲೆ ಬೆನ್ನೂರಿ ನಿಲ್ಲಿಸಿ, ಮುಂದಿನಿಂದ ಹತ್ತಿಪ್ಪತ್ತು ಹಾಳೆ, ಹಿಂದಿನಿಂದ ಹತ್ತಿಪ್ಪತ್ತು ಹಾಳೆ ಮೇಜಿಗೆ ಮಲಗಿಸುತ್ತಾ, ಪ್ರತಿ ಸಲವೂ ಬುಡದಲ್ಲಿ ಹೆಬ್ಬೆರಳಿಂದ ಮೆಲ್ಲಗೆ ಒತ್ತುತ್ತಾ ನಡುವಿಗೆ ಬನ್ನಿ.

ಹೊಲಿದ ಪುಸ್ತಕ ಸಿಕ್ಕರೆ ಇಷ್ಟೆಲ್ಲ ಉಪಚಾರ ಬೇಡ. ಬೆನ್ನಿನ ಮೇಲ್ತುದಿ ನೋಡಿ, ಮಡಚಿದ ಹಾಳೆಗಳ ಸಣ್ಣ ಸಣ್ಣ ಕಟ್ಟುಗಳು ಕಾಣಬೇಕು. 16 ಪುಟದ ಫಾರಂ ಆದರೆ ಅದರ 8 ಮತ್ತು 9ನೇ ಪುಟದ ನಡುವೆ ದಾರವೂ ಕಾಣುತ್ತದೆ.

ಇನ್ನೊಂದಿದೆ. ಕಾಗದದ ನಾರಿಗೂ ದಿಕ್ಕಿದೆ, ಅದು ಬೆನ್ನಿನುದ್ದಕ್ಕೆ ಓಡಬೇಕು. ಮುದ್ರಕರು ಕಾಗದ ಉಳಿಸಲು ಅಡ್ಡ ಹಾಕಿದರೆ ಪುಟ ಮಲಗುವುದಿಲ್ಲ, ಮತ್ತೆ ಮತ್ತೆ ಎದ್ದು ಕೂರುತ್ತದೆ. ಅದನ್ನು ಅದುಮಲು ಕಂಬಳಿಯೊಳಗಿನ ಕೈಯೂ ಹೊರಬರಬೇಕು! ಕೊಳ್ಳುವಾಗಲೇ ಒಂದು ಹಾಳೆ ಎತ್ತಿ ಬಿಡಿ. ಮೆತ್ತಗೆ ಇಳಿದರೆ ತನ್ನಿ. ಸೆಟೆದು ನಿಂತರೆ ಅಲ್ಲೇ ಇಟ್ಟುಬಿಡಿ. ಅಂಗಡಿಯವರು ದುರುಗುಟ್ಟಿದರೆ ದುರುಗುಟ್ಟಲಿ. ಮಿರುಗುವ ಕಾಗದದ ಪುಸ್ತಕವಂತೂ ಬೇಡವೇ ಬೇಡ: ಭಾರ, ತಣ್ಣನೆ ಸ್ಪರ್ಶ, ಸಾಲದ್ದಕ್ಕೆ ದೀಪವನ್ನು ಕಣ್ಣಿಗೇ ಹೊಡೆಯುತ್ತದೆ.

ಒಳಗೇನಿರಬೇಕು? ಅಧ್ಯಾಯಗಳು ಹತ್ತು ಹನ್ನೆರಡು ಪುಟದವಾಗಿರಲಿ, ಬೆರಳು ಮರಗಟ್ಟುವ ಮುನ್ನ ಒಂದು ಮುಗಿದು ಕೈ ಬದಲಾಯಿಸಬಹುದು. ಟಿಪ್ಪಣಿಗಳನ್ನೆಲ್ಲ ಕೊನೆಗೆ ಗುಡ್ಡೆಹಾಕಿದ ವಿದ್ವತ್ ಗ್ರಂಥ, ಮೊದಲ ಪುಟದ ವಂಶವೃಕ್ಷಕ್ಕೆ ಹತ್ತು ಸಲ ಓಡಿಸುವ ಕಾದಂಬರಿ, ಎರಡೂ ಬೇಸಗೆಗೆ.

ಇನ್ನು ಯಾವ ಲೇಖಕರು, ಕಥೆಯೋ ಕಾದಂಬರಿಯೋ ಪ್ರವಾಸವೋ ಎಂಬ ಮುಖ್ಯ ವಿಷಯ. ಅದಕ್ಕೆ ಮೊದಲು ದೀಪದ ಸ್ವಿಚ್ಚು ಎಲ್ಲಿದೆ ನೋಡಿಕೊಳ್ಳಿ. ಬಾಗಿಲ ಪಕ್ಕದಲ್ಲಿದ್ದರೆ, ಯಾವ ಪುಸ್ತಕ ಆರಿಸಿದರೂ ಅಷ್ಟೆ.