ರೋಡಿಯೋ ಹೋರಿಗೆ ಹಗ್ಗ ಕಟ್ಟುವುದು ಎಲ್ಲಿ? ಒಂದು ಸ್ಪಷ್ಟನೆ

ಅಮೆರಿಕದ ಶೈಯೆನ್ ಊರಲ್ಲಿ 1897ರಲ್ಲಿ ಶುರುವಾದ ಕೌಬಾಯ್ ಹಬ್ಬ ಈಗಲೂ ಪ್ರತಿ ಜುಲೈಯಲ್ಲಿ ನಡೆಯುತ್ತದೆ. ಹಳೇ ಕುದುರೆಗಾಡಿಗಳ ಮೆರವಣಿಗೆ, ಆಮೇಲೆ ರೋಡಿಯೋ, ಅಂದರೆ ಎಗರುವ ಹೋರಿ, ಕುದುರೆಗಳ ಮೇಲೆ ಬೀಳದೆ ಕೂರುವುದು, ಕರುಗಳನ್ನು ಹಗ್ಗ ಬೀಸಿ ಹಿಡಿಯುವುದು ಇಂಥ ಕೌಬಾಯ್ ಆಟಗಳ ಪಂದ್ಯ. ಇಂಥ ರೋಡಿಯೋ ವಿಡಿಯೋಗಳ ಜೊತೆ ಒಂದು ಮಾತು ಓಡಾಡುತ್ತಿದೆ: ‘ಹೋರಿಯ ಬೀಜಕ್ಕೆ ಹಗ್ಗ ಬಿಗಿಯುತ್ತಾರೆ, ಆ ನೋವಿಗೇ ಅದು ಎಗರುತ್ತದೆ.’

ಇದು ತಪ್ಪು. ಹಗ್ಗ ಕಟ್ಟುವುದು ಹಿಂಗಾಲಿನ ಮುಂದೆ, ಹೊಟ್ಟೆಯ ಸುತ್ತ. ಹೋರಿಗೆ ಮೆತ್ತನೆಯ ಹತ್ತಿ ಹಗ್ಗ, ಕುದುರೆಗೆ ಕುರಿಯುಣ್ಣೆ ಹೊದಿಸಿದ ಪಟ್ಟಿ. ಅದನ್ನು ಕೊಡವಿಹಾಕಲು ಪ್ರಾಣಿ ಹಿಂಗಾಲು ಎತ್ತಿ ಒದೆಯುತ್ತದೆ. ಇದೇ ಪಟ್ಟಿ ಕಟ್ಟಿದ ಹೆಣ್ಣು ಕುದುರೆಗಳೂ ಹಾಗೇ ಎಗರುತ್ತವೆ, ಅಲ್ವಾ? ಎಗರುವ ಗುಣ ನೋಡಿಯೇ ತಳಿ ಬೆಳೆಸುವುದೂ ಉಂಟು.

ಹಾಗಂತ ರೋಡಿಯೋದಲ್ಲಿ ಹಿಂಸೆಯೇ ಇಲ್ಲ ಅಂತಲ್ಲ. ಓಡುವ ಕರುವಿನ ಕುತ್ತಿಗೆಗೆ ಹಗ್ಗ ಬೀಸಿ ಕೆಡವುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಪ್ರಶ್ನೆ ಎತ್ತುವುದಿದ್ದರೆ ಅದರ ಬಗ್ಗೆ ಎತ್ತಿ.