ವಾಲ್ಟರ್ ಕೋನ್ ಪ್ರೋಗ್ರಾಂ ಬರೆದು ನೊಬೆಲ್ ಗೆದ್ದವರಲ್ಲ

'ರಸಾಯನ ವಿಜ್ಞಾನಿ ವಾಲ್ಟರ್ ಕೋನ್ ಅವರು ಗಾಸಿಯನ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದಕ್ಕೆ 1998ರ ನೊಬೆಲ್ ಪಡೆದರು' ಎಂಬ ಸಾಲು ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ವರ್ಷ ಸರಿ, ಬಹುಮಾನ ರಸಾಯನಶಾಸ್ತ್ರದ್ದೇ ಎಂಬುದೂ ಸರಿ. ಉಳಿದದ್ದು ಕಲಬೆರಕೆ.

ಅಣುಗಳ ಗುಣಗಳನ್ನು ಲೆಕ್ಕಹಾಕುವ ಗಾಸಿಯನ್ ಪ್ರೋಗ್ರಾಂ ಹುಟ್ಟಿದ್ದು ಜಾನ್ ಪೋಪಲ್ ಅವರ ತಂಡದಲ್ಲಿ, 1970ರಲ್ಲಿ. 1998ರ ಬಹುಮಾನವನ್ನು ಕೋನ್, ಪೋಪಲ್ ಇಬ್ಬರೂ ಹಂಚಿಕೊಂಡರು. ಹೆಸರು ಅದಲುಬದಲಾಗಿದ್ದು ಬಹುಶಃ ಅಲ್ಲೇ.

ಕೋನ್ ಭೌತವಿಜ್ಞಾನಿ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಹುಡುಗ, ಅಲ್ಲಿಂದ ಬಂಧಿತನಾಗಿ ಕೆನಡಾಕ್ಕೆ ಹೋದ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಜರ್ಮನ್ ಪೌರನೆಂಬ ಕಾರಣಕ್ಕೆ (ಆಸ್ಟ್ರಿಯಾ ಆಗ ಜರ್ಮನಿಯ ವಶದಲ್ಲಿತ್ತು), ಯುದ್ಧದ ಕೆಲಸ ನಡೆಯುತ್ತಿದ್ದ ಕೆಮಿಸ್ಟ್ರಿ ಕಟ್ಟಡದೊಳಗೇ ಅವನನ್ನು ಬಿಡಲಿಲ್ಲ! ಮುಂದೆ ಹಾರ್ವರ್ಡ್‌ನಲ್ಲಿ ಜೂಲಿಯನ್ ಶ್ವಿಂಗರ್ ಕೈಕೆಳಗೆ ಪಿಎಚ್‌ಡಿ, 1948ರಲ್ಲಿ.

ನೊಬೆಲ್ ಬಂದದ್ದು ಸಾಂದ್ರತಾ ಸಿದ್ಧಾಂತಕ್ಕೆ. ನೀರಿನ ಒಂದು ಅಣುವನ್ನೇ ನೋಡಿ: ಹತ್ತು ಎಲೆಕ್ಟ್ರಾನ್, ತಲಾ ಮೂರು ನಿರ್ದೇಶಾಂಕ. ಅಂದರೆ ಆ ಎಲೆಕ್ಟ್ರಾನ್‌ಗಳ ಸ್ಥಿತಿಯನ್ನು ವರ್ಣಿಸುವ ತರಂಗ ಫಲನಕ್ಕೆ ಮೂವತ್ತು ಚರಗಳು. ಅಷ್ಟೆಲ್ಲ ಬೇಕಿಲ್ಲ, ಜಾಗದ ಪ್ರತಿ ಬಿಂದುವಿನಲ್ಲಿ ಎಲೆಕ್ಟ್ರಾನ್ ಎಷ್ಟು ದಟ್ಟವಾಗಿದೆ ಎಂಬುದಷ್ಟೇ ಗೊತ್ತಾದರೆ ಕನಿಷ್ಠ ಶಕ್ತಿಯ ಸ್ಥಿತಿ ತಾತ್ವಿಕವಾಗಿ ಪೂರ್ತಿ ನಿರ್ಧಾರವಾಗುತ್ತದೆ ಎಂದು 1964ರಲ್ಲಿ ಹೋಹೆನ್‌ಬರ್ಗ್ ಜೊತೆಗೂಡಿ ತೋರಿಸಿದರು. ಮೂವತ್ತರ ಜಾಗದಲ್ಲಿ ಮೂರೇ ಚರ. ಅದನ್ನು ಲೆಕ್ಕಕ್ಕೆ ಒಗ್ಗಿಸುವ ಸಮೀಕರಣಗಳು ಮರುವರ್ಷ ಶಾಮ್ ಜೊತೆ ಬಂದವು. ಇದು ಕಾಗದ-ಪೆನ್ಸಿಲ್ಲಿನ ಕೆಲಸ.

ಅಂದಹಾಗೆ, ಪೋಪಲ್ ಅವರ ಡಾಕ್ಟರೇಟ್ ಕೂಡ ರಸಾಯನಶಾಸ್ತ್ರದ್ದಲ್ಲ, ಗಣಿತದ್ದು.