ತಂತ್ರಜ್ಞಾನ ಮಂಡಳಿ: ನೇಮಕಕ್ಕೆ ಮುನ್ನ ಸಂಸತ್ತು ಹೆಸರು ಪರಿಶೀಲಿಸಬೇಕೇ?

ಪರ: ಎಲ್ಲರೆದುರು ಕೇಳಲಿ
ಚಿಕ್ಕಮಗಳೂರಿನಲ್ಲಿ ಕಾಫಿ ಯಂತ್ರಗಳ ವರ್ಕ್‌ಶಾಪ್ ನಡೆಸುವವರು

ದುಡ್ಡು ಜನರದ್ದು. ಅದನ್ನು ಯಾವ ಹೊಸ ಯಂತ್ರಕ್ಕೆ, ಯಾವ ಔಷಧಿಗೆ ಕೊಡಬೇಕು ಅಂತ ತೀರ್ಮಾನಿಸುವವರು ಯಾರು ಅನ್ನುವುದು ಜನಪ್ರತಿನಿಧಿಗಳಿಗೆ ನೇಮಕ ಆದ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಕೇಂದ್ರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ 1995ರ ಕಾಯ್ದೆಯಿಂದ ಹುಟ್ಟಿತು, 1996ರಲ್ಲಿ ಕೆಲಸ ಶುರು ಮಾಡಿತು. ದೇಶೀ ತಂತ್ರಜ್ಞಾನ ಮಾರುಕಟ್ಟೆಗೆ ಬರಲಿ ಅಂತ ಯೋಜನೆಯ ಅರ್ಧದಷ್ಟು ವೆಚ್ಚದವರೆಗೆ ಶೇ 5ರ ಸರಳ ಬಡ್ಡಿಗೆ ಸಾಲ ಕೊಡುತ್ತದೆ. ಒಳ್ಳೆಯ ಕೆಲಸವನ್ನೂ ಮಾಡಿದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆ ತಂದಾಗ ಬೆನ್ನಿಗೆ ನಿಂತಿದ್ದು ಇದೇ ಮಂಡಳಿ. ಹಾಗಾಗಿಯೇ ಅಲ್ಲಿ ಕೂರುವವರು ಯಾರು ಅನ್ನುವುದು ಮುಖ್ಯ. ಉದ್ಯಮ, ಬ್ಯಾಂಕಿಂಗ್, ಕೃಷಿ, ಗ್ರಾಮೀಣಾಭಿವೃದ್ಧಿ ಬಲ್ಲವರನ್ನು ನೇಮಿಸಬಹುದು ಅಂತ ಕಾಯ್ದೆಯಲ್ಲೇ ಇದೆ. ಬಂದವರಿಗೆ ಕೃಷಿ ಗೊತ್ತಾ ಅಂತ ಕೇಳುವವರು ಯಾರು?

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಪಲ್ಪರ್‌ಗಾಗಿ ಒಂದು ಸಂಸ್ಥೆಗೆ ಸಾಲದ ಅರ್ಜಿ ಹಾಕಿದ್ದೆ. ಪಲ್ಪರ್ ಅಂದರೆ ಕಾಫಿ ಹಣ್ಣನ್ನು ಒಂದು ಸಂದಿನಲ್ಲಿ ಹಾಯಿಸಿ ಸಿಪ್ಪೆ ಬಿಡಿಸುವ ಯಂತ್ರ. ಕಾಫಿ ಹಣ್ಣು ಎಲ್ಲ ಒಂದೇ ಗಾತ್ರ ಇರುವುದಿಲ್ಲ. ಅರೇಬಿಕಾಕ್ಕೆ ಇಟ್ಟ ಸಂದು ರೊಬಸ್ಟಾಕ್ಕೆ ಆಗುವುದಿಲ್ಲ. ಒಂದೇ ತೋಟದ ಹಣ್ಣೂ ಮೊದಲ ಕೊಯ್ಲಿನಲ್ಲಿ ಒಂದು ಥರ, ಕೊನೆಯಲ್ಲಿ ಇನ್ನೊಂದು ಥರ. ಸಂದು ಬಿಗಿಯಾದರೆ ಬೀಜ ಕಟ್ ಆಗುತ್ತದೆ, ಸಡಿಲವಾದರೆ ಸಿಪ್ಪೆ ಬೀಜದ ಜೊತೆಗೇ ಹೊರಗೆ ಬರುತ್ತದೆ. ಕಟ್ ಆದ ಬೀಜಕ್ಕೆ ವ್ಯಾಪಾರಿ ರೇಟು ಇಳಿಸುತ್ತಾನೆ. ಯಂತ್ರ ಓಡುತ್ತಿರುವಾಗಲೇ ಒಂದು ಹಿಡಿ ತಿರುಗಿಸಿ ಸಂದು ಸರಿ ಮಾಡುವ ವ್ಯವಸ್ಥೆ ನನ್ನದು. ಸಮಿತಿಯಲ್ಲಿದ್ದ ಹಿರಿಯರೊಬ್ಬರು, 'ಒಂದು ಸಲ ಸೆಟ್ ಮಾಡಿಟ್ಟರೆ ಆಯ್ತಲ್ರೀ, ಹಣ್ಣೆಲ್ಲ ಒಂದೇ ಅಲ್ವಾ?' ಅಂದರು. 'ಇಲ್ಲ ಸರ್' ಅಂತ ವಿವರಿಸುವಷ್ಟರಲ್ಲಿ ಮುಂದಿನವರನ್ನು ಕರೆದಿದ್ದರು. ಅರ್ಜಿ ವಾಪಸ್ ಬಂತು. ಅವರು ಕೆಟ್ಟವರಲ್ಲ. ಪಲ್ಪರ್ ಹೇಗೆ ಓಡುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಅವರನ್ನು ಅಲ್ಲಿ ಕೂರಿಸುವ ಮೊದಲು ಯಾರೂ ಏನೂ ಕೇಳಿರಲಿಲ್ಲ.

ಬ್ರಿಟನ್ನಿನಲ್ಲಿ 2008ರಿಂದ ಕೆಲವು ಪ್ರಮುಖ ಹುದ್ದೆಗಳಿಗೆ ಆರಿಸಿದವರನ್ನು ನೇಮಕಕ್ಕೆ ಮುಂಚೆ ಸಂಸತ್ತಿನ ಸಮಿತಿ ಪ್ರಶ್ನಿಸುತ್ತದೆ. ನಮ್ಮಲ್ಲೂ ಒಂದು ಪಾಠ ಇದೆ. ಸರ್ಕಾರದೊಳಗಿನ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೇಂದ್ರ ಜಾಗೃತ ಆಯುಕ್ತರ ಹುದ್ದೆಗೆ 2010ರಲ್ಲಿ ಪಿ.ಜೆ. ಥಾಮಸ್ ಹೆಸರು ಬಂದಾಗ, ಆಯ್ಕೆ ಸಮಿತಿಯಲ್ಲಿದ್ದ ಪ್ರತಿಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಬೇಡ ಅಂದರು. ಸರ್ಕಾರ ಕೇಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟೇ ಆ ನೇಮಕ ರದ್ದು ಮಾಡಿತು.

ಪ್ರಶ್ನೆ ಕೇಳಿದರೆ ಒಳ್ಳೆಯವರು ಬರುವುದಿಲ್ಲ ಅನ್ನುತ್ತಾರೆ. ನಾಲ್ಕು ಪ್ರಶ್ನೆಗೆ ಹೆದರುವವರು ಕೋಟಿಗಟ್ಟಲೆ ಹಣದ ಬಗ್ಗೆ ಏನು ತೀರ್ಮಾನ ಮಾಡಿಯಾರು? ಅಂಥವರು ಬರದಿದ್ದರೇ ಒಳ್ಳೆಯದು.

ವಿರೋಧ: ಕೇಳಬೇಕಾದ್ದು ಬೇರೆ ಇದೆ
ಹಾಸನದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿ

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಗುಟ್ಟಾಗಿ ನೇಮಕ ಮಾಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಅದಕ್ಕೆ ಸಂಸತ್ತಿನ ವಿಚಾರಣೆಯೇ ಬೇಕಾಗಿಲ್ಲ.

ಮಂಡಳಿಯ ಅಧ್ಯಕ್ಷರು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ. ರಕ್ಷಣಾ ಸಂಶೋಧನೆ, ಹಣಕಾಸಿನಂಥ ಇಲಾಖೆಗಳ ಕಾರ್ಯದರ್ಶಿಗಳು ಹುದ್ದೆಯ ಕಾರಣಕ್ಕೇ ಸದಸ್ಯರು. ಹೊರಗಿನಿಂದ ಬರುವವರು ಹೆಚ್ಚೆಂದರೆ ನಾಲ್ವರು. ಆ ನಾಲ್ವರಿಗಾಗಿ, ಇಲಾಖೆಗಳ ಕೆಲಸ ಪರಿಶೀಲಿಸುವ 31 ಸಂಸದರ ಸ್ಥಾಯಿ ಸಮಿತಿ ಕೂರಬೇಕಾ? ಇಲಾಖೆಯ ದಿನನಿತ್ಯದ ಆಡಳಿತಕ್ಕೆ ಕೈ ಹಾಕಬಾರದು ಅಂತ ಈ ಸ್ಥಾಯಿ ಸಮಿತಿಗಳ ನಿಯಮದಲ್ಲೇ ಇದೆ. ಸಮಿತಿ ಹೇಳಿದ್ದು ಸಲಹೆ ಮಾತ್ರ, ಸರ್ಕಾರ ಪಾಲಿಸಲೇಬೇಕು ಅಂತಿಲ್ಲ. ಕೊನೆಗೆ ಆಗುವುದು ಏನು? ಆಡಳಿತ ಪಕ್ಷ ಹೌದು ಅನ್ನುತ್ತದೆ, ಪ್ರತಿಪಕ್ಷ ಇಲ್ಲ ಅನ್ನುತ್ತದೆ, ಕುರ್ಚಿ ತಿಂಗಳುಗಟ್ಟಲೆ ಖಾಲಿ ಇರುತ್ತದೆ.

ಯಂತ್ರ ಬಲ್ಲವರೇ ಸದಸ್ಯರಾಗಬೇಕು ಅನ್ನುವುದು ನ್ಯಾಯವೇ. ಅವರನ್ನು ಗುರುತಿಸುವಷ್ಟು ಯಂತ್ರ ಸಂಸದರಿಗೆ ಗೊತ್ತಿರಬೇಕಲ್ಲ? ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಸ್ರೋ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಅಲ್ಲಿಗೆ ಯಾರು ಬರಬೇಕು ಅಂತ ಯಾವ ಸಂಸದರೂ ಸಂದರ್ಶನ ಮಾಡಿಲ್ಲ. ಕೆಲಸ ನಡೆದಿದೆ.

ಹೆಸರು, ಅನುಭವ, ಯಾವ ಕಂಪನಿಯಲ್ಲಿ ಷೇರಿದೆ ಅನ್ನುವುದನ್ನೆಲ್ಲ ನೇಮಕಕ್ಕೆ ಮುಂಚೆಯೇ ಪ್ರಕಟಿಸಲಿ. ಆಕ್ಷೇಪ ಇದ್ದವರು ಬರೆದು ಕಳಿಸಲಿ. ಸಂಸದರಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಈ ಮಂಡಳಿಯ ನಿಧಿಗೆ ಅಂತಲೇ ವಿದೇಶಿ ತಂತ್ರಜ್ಞಾನದ ಆಮದಿನ ಮೇಲೆ ಸೆಸ್ ಇತ್ತು. ಅದನ್ನು 2017ರಲ್ಲಿ ತೆಗೆದುಹಾಕಿದರು. ವಾರ್ಷಿಕ ವರದಿ ಸಂಸತ್ತಿನ ಮುಂದೆ ಬರುತ್ತದೆ. ಅದನ್ನು ಓದಿ, ಈಗ ಎಷ್ಟು ಹಣ ಬರುತ್ತಿದೆ, ಯಾರಿಗೆ ಹೋಗುತ್ತಿದೆ, ಎಷ್ಟು ಸಾಲ ವಾಪಸ್ ಬಂದಿದೆ ಅಂತ ಕೇಳಲಿ.